ತಿರುವು ಹೆಚ್ಚಿರುವ ಟ್ರ್ಯಾಕಿಗೆ ಹುಬ್ಬಳ್ಳಿಯಿಂದ ಹೊರಡುವ ಬೈಕ್ ಸವಾರರಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಒಳ್ಳೆಯ ಗಾಡಿ ಇಟ್ಟವರಿಗೆ ಭಾನುವಾರ ಬೆಳಿಗ್ಗೆ ಎರಡು ದಾರಿ. ಒಂದು, ನರೇಂದ್ರ ಕ್ರಾಸಿನಿಂದ ಗಬ್ಬೂರು ಕ್ರಾಸಿನವರೆಗಿನ ಬೈಪಾಸ್. ಇನ್ನೊಂದು, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿನ ತಿರುವುಗಳು. ಎರಡೂ ಕಡೆ ಲಾರಿ ಇರುತ್ತದೆ, ದನ ಅಡ್ಡ ಬರುತ್ತದೆ, ತಿರುವಿನ ಆಚೆ ಡೀಸೆಲ್ ಚೆಲ್ಲಿದೆಯೋ ಉಸುಕು ಬಿದ್ದಿದೆಯೋ ಗೊತ್ತಾಗುವುದಿಲ್ಲ. ಗಾಡಿಯ ತಾಕತ್ತು ನೋಡಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಜಾಗ ಬೇರೆ. ಎದುರಿನಿಂದ ಯಾರೂ ಬರದ, ಬಿದ್ದರೆ ಜಾರಿಹೋಗಲು ಬಯಲು ಇರುವ, ಆಂಬುಲೆನ್ಸ್ ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿರುವ ಜಾಗ. ಅಲ್ಲಿ ದುಡ್ಡು ಕಟ್ಟಿ, ಸ್ಪರ್ಧೆಯಿಲ್ಲದೆ, ನಿಮ್ಮದೇ ಗಾಡಿ ಓಡಿಸಿ ಕಲಿಯುವ ದಿನಕ್ಕೆ ಟ್ರ್ಯಾಕ್ ಡೇ ಅನ್ನುತ್ತಾರೆ.

ಟ್ರ್ಯಾಕುಗಳಲ್ಲಿ ಕೆಲವು ಉದ್ದನೆಯ ನೇರ ದಾರಿಯವು, ಇಂಜಿನ್ ದೊಡ್ಡದಿದ್ದವರಿಗೆ ಅಲ್ಲಿ ಲಾಭ. ಇನ್ನು ಕೆಲವು ತಿರುವಿಗೆ ತಿರುವು ಪೋಣಿಸಿದಂಥವು. ಒಂದರಿಂದ ಹೊರಬಿದ್ದ ಗಾಡಿ ನೆಟ್ಟಗಾಗುವ ಮೊದಲೇ ಇನ್ನೊಂದು ಎದುರಿಗೆ ಬಂದಿರುತ್ತದೆ. ಸವಾರರು ಇಂಥದ್ದನ್ನು ಟೆಕ್ನಿಕಲ್ ಟ್ರ್ಯಾಕು ಅನ್ನುತ್ತಾರೆ. ಈ ಲೇಖನ ಅದರ ಬಗ್ಗೆ. ಇಲ್ಲಿ ಹೇಳುವುದೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ತಿರುವನ್ನು ಹೊಕ್ಕುವ ಕಡೆಯಿಂದ ಲೆಕ್ಕ ಹಾಕಬೇಡಿ, ಹೊರಬೀಳುವ ಕಡೆಯಿಂದ ಹಾಕಿ.

ಯಾವ ಟ್ರ್ಯಾಕು, ಯಾವ ದಿನ

ನಮ್ಮ ಭಾಗದಲ್ಲಿ ಇಂಥ ಟ್ರ್ಯಾಕು ಇಲ್ಲ. ಎಲ್ಲರೂ ಹೋಗುವುದು ತಮಿಳುನಾಡಿಗೆ. ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟ್ಟೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕಿದೆ. 1990ರಲ್ಲಿ ಶುರುವಾದದ್ದು, ಪೂರ್ತಿ ಉದ್ದ 3.717 ಕಿ.ಮೀ., 12 ತಿರುವು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅನ್ನುತ್ತಾರೆ. ನಮ್ಮೂರಿನ ಮಗ್ಗುಲಲ್ಲೇ ಹಾಯುವ ಎನ್‌ಎಚ್ 48 ಹಾವೇರಿ, ದಾವಣಗೆರೆ, ಬೆಂಗಳೂರು ದಾಟಿ ಚೆನ್ನೈ ಮುಟ್ಟುವ ಮುನ್ನ ಈ ಟ್ರ್ಯಾಕಿನ ಹತ್ತಿರವೇ ಹೋಗುತ್ತದೆ. ಎರಡನೆಯದು ಕೊಯಮತ್ತೂರಿನ ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ, ರೇಸರ್ ಎಸ್. ಕರಿವರ್ಧನ್ ಹೆಸರಿನದು, ಸುಮಾರು 2.1 ಕಿ.ಮೀ. ಚಿಕ್ಕದು, ಬಿಗಿ ತಿರುವಿನದು. ಗ್ರೇಟರ್ ನೊಯಿಡಾದ ಬುದ್ಧ ಸರ್ಕ್ಯೂಟ್ 5 ಕಿ.ಮೀ.ಗೂ ಮೇಲೆ, ಬಹಳ ದೂರ, ಬಹಳ ವೇಗ. ಮೊದಲ ಸಲಕ್ಕೆ ಅದು ಬೇಡ.

ಹೆಸರು ಬರೆಸುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ: ಹೊಸಬರಿಗೆ ಬೇರೆ ಗುಂಪಿದೆಯೇ? ಒಂದು ಗುಂಪಿನಲ್ಲಿ ಎಷ್ಟು ಗಾಡಿ ಬಿಡುತ್ತಾರೆ? ಕಲಿಸುವವರು ಇರುತ್ತಾರೆಯೇ, ಇಲ್ಲ ಬರೀ ಟ್ರ್ಯಾಕು ಬಿಟ್ಟುಕೊಡುತ್ತಾರೆಯೇ? ಹೊಸಬರ ಗುಂಪಿನಲ್ಲಿ ಹಿಂದೆ ಹಾಕುವುದಕ್ಕೆ ಏನು ನಿಯಮ? ಉತ್ತರ ತಡವರಿಸಿ ಬಂದರೆ ಆ ದಿನ ಬಿಟ್ಟುಬಿಡಿ. ನನ್ನ ಅಭಿಪ್ರಾಯದಲ್ಲಿ ಮೊದಲ ಸಲ ಬರೀ ಟ್ರ್ಯಾಕ್ ಡೇಗಿಂತ ತರಬೇತಿ ಶಾಲೆಯ ದಿನವೇ ಮೇಲು. ದುಡ್ಡು ಹೆಚ್ಚಾಗಬಹುದು, ಆದರೆ ನಿಮ್ಮ ಹಿಂದೆಯೇ ಗಾಡಿ ಓಡಿಸಿಕೊಂಡು ಬಂದು "ನೀವು ಇಲ್ಲಿ ಬೇಗ ಒಳಗೆ ಬೀಳ್ತೀರಿ ನೋಡ್ರಿ" ಎಂದು ಹೇಳುವವರು ಇರುತ್ತಾರೆ.

ಇನ್ನೊಂದು ವಿಷಯ, ಇನ್ಶೂರೆನ್ಸು. ಗಾಡಿಯ ಸಾಮಾನ್ಯ ಪಾಲಿಸಿಯಲ್ಲಿ ರೇಸು, ವೇಗ ಪರೀಕ್ಷೆ ಇಂಥವನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಬಿದ್ದರೆ ಗಾಡಿಯ ಖರ್ಚು ನಿಮ್ಮದೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ. ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆಯ ಬಗ್ಗೆ ಏನಿದೆ ಎಂದು ಮೊದಲೇ ಓದಿಕೊಳ್ಳಿ. ಮನೆಯಲ್ಲಿ ಹೇಳಿಯೇ ಹೋಗಿ.

ಗಾಡಿಯ ತಯಾರಿ

"ನಂದು ಬರೀ 160 ಸಿಸಿ, ನಾ ಏನ್ ಟ್ರ್ಯಾಕಿಗೆ ಹೋಗ್ಲಿ" ಎಂದು ಕೇಳುವವರು ಬಹಳ. ತಿರುವು ಹೆಚ್ಚಿರುವ ಟ್ರ್ಯಾಕಿಗೆ ಚಿಕ್ಕ ಗಾಡಿಯೇ ಗುರು. ದೊಡ್ಡ ಗಾಡಿಯಲ್ಲಿ ತಿರುವನ್ನು ಕೆಡಿಸಿಕೊಂಡರೂ ಮುಂದಿನ ನೇರ ದಾರಿಯಲ್ಲಿ ಇಂಜಿನ್ ಅದನ್ನು ಮುಚ್ಚಿಹಾಕುತ್ತದೆ. ಚಿಕ್ಕ ಗಾಡಿಯಲ್ಲಿ ಒಮ್ಮೆ ಕಳೆದುಕೊಂಡ ವೇಗ ತಿರುಗಿ ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಎಲ್ಲಿ ಕೆಡಿಸಿದಿರಿ ಎಂಬುದು ನಿಮಗೇ ಗೊತ್ತಾಗುತ್ತದೆ. ದೇಶದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲೂ 165 ಸಿಸಿ ಗಾಡಿಗಳಿಗೆಂದೇ ಒಂದು ವರ್ಗ ನಡೆದಿದೆ. ಅಪಾಚೆ, ಪಲ್ಸರ್, ಆರ್15, ಕೆಟಿಎಂ ಆರ್‌ಸಿ, ಯಾವುದಿದ್ದರೂ ನಡೆಯುತ್ತದೆ. ಕಂಡೀಷನ್ ಮುಖ್ಯ.

ಹದಿನೈದು ದಿನ ಮುಂಚೆಯೇ ನಿಮ್ಮ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡಿ, ಏನಕ್ಕೆ ಎಂದೂ ಹೇಳಿ. ಬ್ರೇಕಿನಿಂದ ಶುರು ಮಾಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ತೇವ ಹಿಡಿದದ್ದು 155 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಲಿವರ್ ಹಿಡಿಯ ತನಕ ಬಂದರೂ ಗಾಡಿ ನಿಲ್ಲುವುದಿಲ್ಲ. ಪೇಟೆಯಲ್ಲಿ ಎಂದೂ ಕಾಣದ ಈ ತೊಂದರೆ ಟ್ರ್ಯಾಕಿನಲ್ಲಿ ಕೆಲವೇ ಸುತ್ತಿನಲ್ಲಿ ಕಾಣಬಹುದು. ಆದ್ದರಿಂದ ಆಯಿಲ್ ಪೂರ್ತಿ ಬದಲಿಸಿ, ಗಾಳಿ ತೆಗೆಸಿ. ಹೊಸ ಪ್ಯಾಡ್ ಹಾಕಿಸಿದರೆ ಊರಲ್ಲೇ ಒಂದಷ್ಟು ಓಡಿಸಿ ಕೂರಿಸಿಕೊಳ್ಳಿ. ಡಾಟ್ 5 ಎಂಬುದು ಸಿಲಿಕೋನಿನದು, ಡಾಟ್ 4ರ ಜೊತೆ ಬೆರೆಯಬಾರದು. ಡಬ್ಬಿ ಓದಿ ತನ್ನಿ.

ಟಯರ್ ನುಣ್ಣಗಾಗಿದ್ದರೆ ಬದಲಿಸಿ. ಹಳತಾಗಿ ಬಿರುಕು ಬಿಟ್ಟಿದ್ದರೂ ಬದಲಿಸಿ, ಮೇಲಿನ ಬಟನ್ ಎಷ್ಟೇ ಉಳಿದಿರಲಿ. ಗಾಳಿಯ ಅಳತೆ ತೋರಿಸುವ ಗೇಜು ನಿಮ್ಮದೇ ಒಂದು ಕೊಳ್ಳಿ. ಪಂಚರ್ ಅಂಗಡಿಯ ಗೇಜು, ಪೆಟ್ರೋಲ್ ಬಂಕಿನ ಗೇಜು ಒಂದೊಂದು ಒಂದೊಂದು ತೋರಿಸುತ್ತವೆ. ಓಡಿದಷ್ಟೂ ಟಯರ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ: 25 ಡಿಗ್ರಿಯಲ್ಲಿ 30 ಪಿಎಸ್ಐ ಇದ್ದದ್ದು ಟಯರ್ 60 ಡಿಗ್ರಿಗೆ ಕಾದಾಗ 35ರ ಆಸುಪಾಸು ಹೋಗುತ್ತದೆ. ಗಾಳಿ ಹೆಚ್ಚಾದರೆ ಟಯರ್ ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ. ಅದಕ್ಕೇ ಟ್ರ್ಯಾಕಿನಲ್ಲಿ ಹೊರಡುವ ಮುನ್ನ ರಸ್ತೆಯ ಅಳತೆಗಿಂತ ಸ್ವಲ್ಪ ಕಮ್ಮಿ ಇಡುತ್ತಾರೆ. ಎಷ್ಟು ಕಮ್ಮಿ ಎಂಬುದು ಟಯರ್ ಮೇಲೆ, ಗಾಡಿಯ ತೂಕದ ಮೇಲೆ ಹೋಗುತ್ತದೆ. ಅಲ್ಲಿರುವ ಅನುಭವಸ್ಥರನ್ನು ಕೇಳಿ ಅಲ್ಲೇ ಇಡಿ, ಪ್ರತಿ ಸೆಷನ್ (ಟ್ರ್ಯಾಕಿಗೆ ಬಿಡುವ ಒಂದೊಂದು ಸರದಿ) ಮುಗಿದ ಕೂಡಲೇ ಟಯರ್ ಬಿಸಿಯಿರುವಾಗಲೇ ಅಳೆಯಿರಿ.

ಚೈನಿನ ಸಡಿಲ ಕಂಪನಿ ಹೇಳಿದಷ್ಟೇ ಇರಲಿ. ಇಂಜಿನ್ ಆಯಿಲ್ ಹೊಸದು ಹಾಕಿ, ಕೆಳಗಿನ ಡ್ರೈನ್ ಬೋಲ್ಟ್ ಬಿಗಿಯಿದೆಯೇ ನೋಡಿ. ಟ್ರ್ಯಾಕಿನ ಮೇಲೆ ಒಂದು ಹನಿ ಆಯಿಲ್ ಬಿದ್ದರೂ ಹಿಂದೆ ಬರುವವನ ಮೈಮೂಳೆಗೆ ಕುತ್ತು. ಇಂಜಿನ್ ತಣಿಸುವ ಕೂಲಂಟಿನದೂ ಇದೇ ಕತೆ. ಅದರಲ್ಲಿನ ಗ್ಲೈಕಾಲ್ ನೆಲಕ್ಕೆ ಬಿದ್ದರೆ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಅನೇಕ ಕಡೆ ಅದನ್ನು ತೆಗೆದು ನೀರು ಹಾಕಲು ಹೇಳುತ್ತಾರೆ. ಕೈ ಬಿಟ್ಟರೆ ಎಕ್ಸಲೇಟರ್ ಟಪ್ ಎಂದು ವಾಪಸ್ ಬರಬೇಕು. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿಯೂ ನೋಡಿ.

ಇನ್ನು ಬಿಚ್ಚುವ ಕೆಲಸ. ಸೀರೆ ಗಾರ್ಡು, ಲೆಗ್ ಗಾರ್ಡು, ಕನ್ನಡಿ, ಹಿಂದಿನ ಕ್ಯಾರಿಯರ್, ನಂಬರ್ ಪ್ಲೇಟು ಎಲ್ಲ ತೆಗೆಯಿರಿ. ಗಾಡಿ ವಾಲಿದಾಗ ಸೀರೆ ಗಾರ್ಡು ನೆಲಕ್ಕೆ ಒರೆದರೆ ಹಿಂದಿನ ಗಾಲಿ ಎದ್ದುಬಿಡುತ್ತದೆ. ಹೆಡ್‌ಲೈಟು, ಇಂಡಿಕೇಟರ್‌ಗಳಿಗೆ ಟೇಪು ಸುತ್ತಿ, ಒಡೆದರೂ ಚೂರು ಚೆಲ್ಲಬಾರದು. ಬಿಚ್ಚಿದ ನಟ್ಟು-ಬೋಲ್ಟು ಒಂದು ಡಬ್ಬಿಯಲ್ಲಿ ಹಾಕಿ ಜೊತೆಗೇ ಒಯ್ಯಿರಿ.

ಮೈಮೇಲೆ ಏನು

ಫುಲ್ ಫೇಸ್ ಹೆಲ್ಮೆಟ್ಟು, ಗದ್ದದ ಕೆಳಗೆ ಎರಡು ರಿಂಗಿನಲ್ಲಿ ಪಟ್ಟಿ ಹಾಯಿಸಿ ಬಿಗಿಯುವ ಡಬಲ್ ಡಿ ನಮೂನೆಯದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟು ಬೇಡ, ಹೊರಗೆ ಎಷ್ಟೇ ಚೆಂದ ಕಂಡರೂ ಒಳಗಿನ ಥರ್ಮಾಕೋಲ್ ಒತ್ತಿಹೋಗಿರುತ್ತದೆ. ಚರ್ಮದ ಸೂಟು ಒಂದೇ ತುಂಡಿನದಾಗಿರಲಿ, ಇಲ್ಲವೇ ಮೇಲಿನದು ಕೆಳಗಿನದು ಸುತ್ತಲೂ ಜಿಪ್ಪಿನಿಂದ ಕೂಡುವಂತಿರಲಿ. ಕೊಳ್ಳುವುದು ಭಾರವಾದರೆ ಬಾಡಿಗೆಗೆ ಸಿಗುತ್ತದೆಯೇ ಎಂದು ನಡೆಸುವವರನ್ನೇ ಕೇಳಿ. ಕೈಗವಸು ಮಣಿಕಟ್ಟು ಮುಚ್ಚಬೇಕು, ಬೂಟು ಕಾಲಿನ ಹರಡನ್ನು ಮುಚ್ಚಬೇಕು. ಬೆನ್ನಿಗೆ ಬ್ಯಾಕ್ ಪ್ರೊಟೆಕ್ಟರ್. ಕಿವಿಗೆ ಫೋಮಿನ ಪ್ಲಗ್ಗು ಹಾಕಿಕೊಳ್ಳಿ. ಗಾಳಿಯ ಸದ್ದು ಕಮ್ಮಿಯಾದರೆ ತಲೆ ತಣ್ಣಗಿರುತ್ತದೆ, ಸಂಜೆಯ ಹೊತ್ತಿಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಸೂಟಿನ ಬಿಗಿ ಬಗ್ಗೆ ಒಂದು ಮಾತು. ನೆಟ್ಟಗೆ ನಿಂತಾಗ ಅದು ಬೆನ್ನು ಹಿಡಿದು ಎಳೆಯುತ್ತದೆ, ಗಾಡಿಯ ಮೇಲೆ ಬಗ್ಗಿ ಕೂತಾಗ ಸರಿಯಾಗುತ್ತದೆ. ನಿಂತಾಗಲೇ ಆರಾಮಾಗಿದ್ದರೆ ದೊಡ್ಡದಾಯಿತು ಎಂದೇ ಅರ್ಥ. ಬಿದ್ದಾಗ ಮೊಣಕೈ, ಮೊಣಕಾಲಿನ ಗಟ್ಟಿ ಪಟ್ಟಿಗಳು ಜರುಗಿಬಿಡುತ್ತವೆ.

ಊರಲ್ಲೇ ಮಾಡಿಕೊಳ್ಳುವ ತಾಲೀಮು

ತಿಂಗಳು ಮುಂಚಿನಿಂದ ಬಸ್ಕಿ ಹೊಡೆಯಿರಿ. ನಗಬೇಡಿ, ಟ್ರ್ಯಾಕಿನಲ್ಲಿ ಮೊದಲು ಸೋಲುವುದು ತೊಡೆ. ಬ್ರೇಕ್ ಹಿಡಿದಾಗ ಮೈ ಮುಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯಬೇಕಾದ್ದು ಟ್ಯಾಂಕನ್ನು ಅವುಚಿದ ಮೊಣಕಾಲು. ಕಾಲು ಸೋತರೆ ಭಾರ ಕೈಗೆ ಬೀಳುತ್ತದೆ, ಕೈ ಬಿಗಿದರೆ ಹ್ಯಾಂಡಲ್ ಬಿಗಿಯುತ್ತದೆ, ಹ್ಯಾಂಡಲ್ ಬಿಗಿದರೆ ಗಾಡಿ ತಿರುಗುವುದಿಲ್ಲ. ಗರಡಿಮನೆಗೆ ಹೋಗಿ ಬೆಳೆದವರಿಗೆ ಇದು ಸಲೀಸು.

ಖಾಲಿ ಮೈದಾನದಲ್ಲಿ, ಕೇಳಿಕೊಂಡು, ಎಂಟರ ಆಕಾರದಲ್ಲಿ ನಿಧಾನ ಓಡಿಸುವ ರೂಢಿ ಮಾಡಿ. 40ರ ವೇಗದಿಂದ ಗಾಡಿಯನ್ನು ಅತಿ ಕಮ್ಮಿ ಜಾಗದಲ್ಲಿ ನಿಲ್ಲಿಸುವುದನ್ನೂ ಮಾಡಿ. ಮುಂದಿನ ಬ್ರೇಕನ್ನು ಒಮ್ಮೆಲೇ ಕಿತ್ತಿ ಹಿಡಿಯದೆ, ಮೊದಲು ಮೆಲ್ಲಗೆ ಒತ್ತಿ, ಫೋರ್ಕ್ (ಮುಂದಿನ ಶಾಕ್) ಕುಸಿದು ಭಾರ ಮುಂದಿನ ಟಯರಿಗೆ ಬಂದ ಮೇಲೆ ಜೋರು ಮಾಡುವುದು ಕೈಗೆ ಹತ್ತಬೇಕು. ಘಾಟಿನಲ್ಲಿ ಮೊಣಕಾಲು ಇಳಿಸುವ ತಾಲೀಮು ಮಾತ್ರ ಖಂಡಿತ ಬೇಡ.

ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿನ ತಾಲೀಮು. ಕೂರಿಗೆ ಹಿಡಿದು ಬಿತ್ತುವವರನ್ನು ನೋಡಿ. ಎತ್ತಿನ ಕಾಲನ್ನೋ ಕೂರಿಗೆಯ ತಾಳನ್ನೋ ನೋಡುತ್ತ ಹೋದವನ ಸಾಲು ಸೊಟ್ಟ, ಹೊಲದ ಆ ತುದಿಯ ಬದುವಿನ ಗಿಡಕ್ಕೆ ಕಣ್ಣಿಟ್ಟವನ ಸಾಲು ನೆಟ್ಟಗೆ. ಗಾಡಿಯೂ ಕಣ್ಣು ಹೋದ ಕಡೆ ಹೋಗುತ್ತದೆ. ದಿನಾ ಆಫೀಸಿಗೆ ಹೋಗುವಾಗಲೇ ಮುಂದಿನ ಗಾಡಿಯ ಹಿಂಬದಿ ದೀಪ ಬಿಟ್ಟು ಅದರಾಚೆ, ಇನ್ನೂ ಆಚೆ ನೋಡುವ ರೂಢಿ ಹಚ್ಚಿಕೊಳ್ಳಿ.

ಹೋಗುವುದು ಹೇಗೆ

ಹುಬ್ಬಳ್ಳಿಯಿಂದ ಇರುಂಗಾಟ್ಟುಕೋಟ್ಟೈಗೆ ಸುಮಾರು 700 ಕಿ.ಮೀ. ಕೊಯಮತ್ತೂರು ಇನ್ನೂ ಸ್ವಲ್ಪ ದೂರ. ಅದೇ ಗಾಡಿಯನ್ನು ಓಡಿಸಿಕೊಂಡು ಹೋಗಿ, ಮರುದಿನ ಟ್ರ್ಯಾಕಿಗಿಳಿದು, ಸಂಜೆ ಅದನ್ನೇ ಹತ್ತಿ ಹೊರಡುವವರಿದ್ದಾರೆ. ನಾನು ಬೇಡವೆಂದೇ ಹೇಳುತ್ತೇನೆ. ದಣಿದ ಮೈಗೆ ಟ್ರ್ಯಾಕಿನಲ್ಲಿ ಏನೂ ಹತ್ತುವುದಿಲ್ಲ. ಮೇಲಾಗಿ ಗಾಡಿಗೆ ಏನಾದರೂ ಆದರೆ ಊರು ಮುಟ್ಟುವುದು ಹೇಗೆ? ಮೂರು ನಾಲ್ಕು ಜನ ಕೂಡಿ ಒಂದು ಪಿಕಪ್ ಗಾಡಿ ಮಾತಾಡಿಕೊಳ್ಳಿ, ಖರ್ಚು ಹಂಚಿಹೋಗುತ್ತದೆ. ಏರಿಸಿದ ಮೇಲೆ ಮುಂದಿನ ಗಾಲಿಯನ್ನು ಕ್ಯಾಬಿನ್ ಗೋಡೆಗೆ ತಾಗಿಸಿ, ಎರಡೂ ಕಡೆಯಿಂದ ಪಟ್ಟಿ ಬಿಗಿದು ಫೋರ್ಕನ್ನು ಅರ್ಧದಷ್ಟು ಕುಗ್ಗಿಸಿ ಕಟ್ಟಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಿದರೆ ದಾರಿಯ ಹೊಡೆತಕ್ಕೆ ಸ್ಟ್ಯಾಂಡೇ ಬಾಗುತ್ತದೆ. ಚಿತ್ರದುರ್ಗದ ಹತ್ತಿರ ಚಹಾಕ್ಕೆ ನಿಂತಾಗ ಪಟ್ಟಿಗಳನ್ನು ಇನ್ನೊಮ್ಮೆ ಎಳೆದು ನೋಡಿ.

ರೈಲ್ವೆ ಪಾರ್ಸೆಲ್ಲೂ ಇದೆ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದು, ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು, ಗೋಣಿತಟ್ಟು ಸುತ್ತಿಸಿ ಕಳಿಸಬೇಕು. ಗಾಡಿ ಮುಟ್ಟುವ ದಿನದ ಖಾತ್ರಿ ಇಲ್ಲದ್ದರಿಂದ ಒಂದೆರಡು ದಿನದ ಕಾರ್ಯಕ್ರಮಕ್ಕೆ ಪಿಕಪ್ಪೇ ವಾಸಿ. ಗಾಡಿಯನ್ನೂ ಅಲ್ಲೇ ಕೊಡುವ ತರಬೇತಿ ಸಿಕ್ಕರಂತೂ ಈ ಯಾವ ತಾಪತ್ರಯವೂ ಇಲ್ಲ, ಬ್ಯಾಗ್ ಹಿಡಿದು ರೈಲು ಹತ್ತಿದರಾಯಿತು.

ಬೆಳಗಿನ ಪರಿಶೀಲನೆ ಮತ್ತು ಬಾವುಟಗಳು

ಬೆಳಿಗ್ಗೆ ಗಾಡಿಯನ್ನೂ ನಿಮ್ಮ ಸೂಟು-ಹೆಲ್ಮೆಟ್ಟನ್ನೂ ತಪಾಸಣೆ ಮಾಡುತ್ತಾರೆ. ಆಮೇಲೆ ಬ್ರೀಫಿಂಗ್. ಹಿಂದಿನ ಸಾಲಿನಲ್ಲಿ ನಿಂತು ಮೊಬೈಲ್ ನೋಡುವ ಹೊತ್ತಲ್ಲ ಅದು. ಟ್ರ್ಯಾಕಿಗೆ ಎಲ್ಲಿಂದ ಸೇರಬೇಕು, ಎಲ್ಲಿಂದ ಹೊರಬರಬೇಕು, ಹೇಗೆ ಹಿಂದೆ ಹಾಕಬೇಕು ಎಲ್ಲ ಅಲ್ಲೇ ಹೇಳುತ್ತಾರೆ. ನಡೆದು ಸುತ್ತು ಬರಲು ಬಿಟ್ಟರೆ ತಪ್ಪದೆ ಹೋಗಿ. ಗಾಡಿಯ ಮೇಲೆ ಚಪ್ಪಟೆಯಾಗಿ ಕಂಡದ್ದು ಕಾಲ್ನಡಿಗೆಯಲ್ಲಿ ಇಳಿಜಾರಾಗಿ ಕಾಣುತ್ತದೆ, ಡಾಂಬರಿಗೆ ತೇಪೆ ಹಾಕಿದ್ದು ಕಾಣುತ್ತದೆ.

ಬಾವುಟಗಳು ಬಾಯಿಪಾಠ ಆಗಿರಬೇಕು. ಹಳದಿ ಎಂದರೆ ಮುಂದೆ ಅಪಾಯ, ನಿಧಾನ ಮಾಡಿ, ಯಾರನ್ನೂ ಹಿಂದೆ ಹಾಕುವಂತಿಲ್ಲ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ನೆಲ ಜಾರುತ್ತಿದೆ. ಕೆಂಪು ಕಂಡರೆ ಸೆಷನ್ ನಿಂತಿದೆ, ಗಾಬರಿಯಿಂದ ಬ್ರೇಕ್ ಹಿಡಿಯದೆ ಮೆಲ್ಲಗೆ ಪಿಟ್ಟಿಗೆ, ಅಂದರೆ ಟ್ರ್ಯಾಕಿನ ಪಕ್ಕದ ನಿಲುಗಡೆಗೆ, ಬನ್ನಿ. ನೀಲಿ, ಹಿಂದೆ ವೇಗದ ಸವಾರ ಇದ್ದಾನೆ. ಕಪ್ಪು ನಿಮ್ಮ ಕಡೆ ತೋರಿಸಿದರೆ ನೀವು ಒಳಗೆ ಬರಬೇಕು, ಕಪ್ಪಿನ ನಡುವೆ ಕಿತ್ತಳೆ ಬಿಲ್ಲೆ ಇದ್ದರೆ ನಿಮ್ಮ ಗಾಡಿಯಲ್ಲೇ ಏನೋ ಕೆಟ್ಟಿದೆ. ಚೌಕಳಿ ಬಂದರೆ ಸಮಯ ಮುಗಿಯಿತು. ಪ್ರತಿ ಸುತ್ತಿನಲ್ಲೂ ಮಾರ್ಷಲ್ (ಬಾವುಟ ತೋರಿಸುವ ಸಿಬ್ಬಂದಿ) ನಿಲ್ಲುವ ಜಾಗಗಳ ಕಡೆ ಒಮ್ಮೆ ಕಣ್ಣು ಹಾಯಿಸುವುದನ್ನು ಮೊದಲ ಸುತ್ತಿನಿಂದಲೇ ರೂಢಿ ಮಾಡಿಕೊಳ್ಳಿ.

ಹಿಂದೆ ಬರುವವನ ಚಿಂತೆ ನಿಮಗೆ ಬೇಡ. ಕನ್ನಡಿ ತೆಗೆಸಿದ್ದು ಅದಕ್ಕೇ. ಹಿಂದೆ ಹಾಕುವ ಜವಾಬ್ದಾರಿ ಪೂರ್ತಿ ಹಿಂದಿನವನದು. ನೀವು ತಿರುಗಿ ನೋಡಿದರೆ, ದಾರಿ ಬಿಡುತ್ತೇನೆಂದು ದಿಢೀರನೆ ಪಕ್ಕಕ್ಕೆ ಸರಿದರೆ, ಅವನ ಲೆಕ್ಕ ತಪ್ಪುತ್ತದೆ.

ಮೊದಲ ಸೆಷನ್: ಗುರುತು ಹಚ್ಚುವುದು

ಸಾಮಾನ್ಯವಾಗಿ 15ರಿಂದ 20 ನಿಮಿಷದ ಸೆಷನ್‌ಗಳು. ಮೊದಲನೆಯದರಲ್ಲಿ ವೇಗದ ಮಾತೇ ಬೇಡ. ಟಯರ್ ತಣ್ಣಗಿರುತ್ತದೆ, ಟ್ರ್ಯಾಕು ಹೊಸದು, ಎದೆ ಢವಗುಡುತ್ತಿರುತ್ತದೆ. ಸಾಧ್ಯವಾದಷ್ಟೂ ಒಂದೇ ಗೇರಿನಲ್ಲಿ, ಬ್ರೇಕ್ ಹೆಚ್ಚು ಮುಟ್ಟದೆ, ಗುರುತು ಹಚ್ಚುತ್ತ ಓಡಿಸಿ.

ಒಂದೊಂದು ತಿರುವಿಗೂ ನಾಲ್ಕು ಗುರುತು ಬೇಕು: ಬ್ರೇಕ್ ಹಿಡಿಯುವ ಜಾಗ, ಗಾಡಿಯನ್ನು ವಾಲಿಸಲು ಶುರು ಮಾಡುವ ಜಾಗ, ಒಳ ಅಂಚಿಗೆ ಅತಿ ಹತ್ತಿರ ಬರುವ ಜಾಗ ಅಂದರೆ ಏಪೆಕ್ಸ್, ಮತ್ತೆ ಹೊರ ಅಂಚಿಗೆ ಬಂದು ಸೇರುವ ಜಾಗ. ಗುರುತು ಅಲುಗದಂಥದ್ದಾಗಿರಲಿ. ಡಾಂಬರಿನ ತೇಪೆ, ಟ್ರ್ಯಾಕಿನಂಚಿನ ಕಟ್ಟೆಯ (ಕರ್ಬ್) ಬಣ್ಣ ಬದಲಾಗುವ ಜಾಗ, ದೂರದ ಫಲಕ ಆಗುತ್ತವೆ. ನೆರಳು, ನಿಂತ ವ್ಯಾನು, ಕೋನು ಆಗುವುದಿಲ್ಲ. ಸೆಷನ್ ಮುಗಿದ ಕೂಡಲೇ ಹೆಲ್ಮೆಟ್ ತೆಗೆದು, ಹಾಳೆಯ ಮೇಲೆ ಟ್ರ್ಯಾಕಿನ ನಕ್ಷೆ ಬರೆದು, ಈ ಗುರುತುಗಳನ್ನು ತುಂಬಿ. ಖಾಲಿ ಉಳಿದ ತಿರುವು ಯಾವುದೋ ಅಲ್ಲಿ ನೀವು ನೋಡಿಲ್ಲ, ಬರೀ ದಾಟಿ ಬಂದಿದ್ದೀರಿ. ಎರಡನೇ ಸೆಷನ್ ಆ ತಿರುವಿಗೆ ಮೀಸಲು.

ತಿರುವನ್ನು ಹಿಂದಿನಿಂದ ಓದುವುದು

ಇದೇ ಈ ಲೇಖನದ ಹೂರಣ, ಇಲ್ಲಿ ನಿಧಾನಿಸೋಣ.

ಹೊಸಬರು ತಿರುವು ಕಂಡ ಕೂಡಲೇ ಒಳಗೆ ಬೀಳುತ್ತಾರೆ. ಒಳ ಅಂಚು ಹತ್ತಿರ, ಅದನ್ನು ಹಿಡಿದರೆ ಜಯಿಸಿದೆವು ಅನ್ನಿಸುತ್ತದೆ. ಆದರೆ ಬೇಗ ಒಳಗೆ ಬಂದ ಗಾಡಿ ತಿರುವು ಅರ್ಧ ಬಾಕಿ ಇರುವಾಗಲೇ ಹೊರಗೆ ಹೋಗತೊಡಗುತ್ತದೆ. ಆಗ ಇನ್ನಷ್ಟು ವಾಲಿಸಬೇಕು, ಇಲ್ಲವೇ ರೇಸ್ (ಎಕ್ಸಲೇಟರ್) ಬಿಡಬೇಕು, ಇಲ್ಲವೇ ಹುಲ್ಲಿಗೆ ಹೋಗಬೇಕು. ಅದರ ಬದಲು ಹೊರ ಅಂಚಿನಲ್ಲೇ ಇನ್ನೊಂದಿಷ್ಟು ನೇರ ಹೋಗಿ, ವೇಗ ಪೂರ್ತಿ ಇಳಿಸಿ, ತಡವಾಗಿ ಮತ್ತು ಚುರುಕಾಗಿ ತಿರುಗಿಸಿದರೆ ಏಪೆಕ್ಸ್ ತಿರುವಿನ ಮುಕ್ಕಾಲು ಭಾಗ ಕಳೆದ ಮೇಲೆ ಬರುತ್ತದೆ. ಅಷ್ಟೊತ್ತಿಗೆ ಗಾಡಿಯ ಮೂತಿ ಹೊರಹೋಗುವ ದಾರಿಯ ಕಡೆಗಿರುತ್ತದೆ, ರೇಸ್ ಕೊಡಬಹುದು. ತಡವಾದ ಏಪೆಕ್ಸ್ ಹೊಸಬರನ್ನು ಕಾಯುತ್ತದೆ. ಹೆಚ್ಚುಕಮ್ಮಿಯಾದರೂ ಹೊರಗಡೆ ಡಾಂಬರು ಉಳಿದಿರುತ್ತದೆ.

ಈಗ ಜೋಡಿ ತಿರುವು. ಬಲ, ಎಡ, ಮತ್ತೆ ಬಲ, ಆಮೇಲೆ ನೇರ ದಾರಿ ಎಂದುಕೊಳ್ಳಿ. ಮೊದಲ ಬಲದಲ್ಲಿ ಎಷ್ಟು ಜೋರಾಗಿ ಹೋದಿರಿ ಎನ್ನುವುದಕ್ಕೆ ಹೆಚ್ಚು ಬೆಲೆಯಿಲ್ಲ. ಕೊನೆಯ ಬಲದಿಂದ ಎಷ್ಟು ಬೇಗ ಪೂರ್ತಿ ರೇಸ್ ಕೊಟ್ಟಿರಿ ಎನ್ನುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಗಳಿಸಿದ ಗಂಟೆಗೆ 5 ಕಿ.ಮೀ. ಮುಂದಿನ ನೇರ ದಾರಿಯುದ್ದಕ್ಕೂ ನಿಮ್ಮ ಜೊತೆ ಬರುತ್ತದೆ. ಹಾಗಾದರೆ ಲೆಕ್ಕ ಹೀಗೆ ಹಾಕಿ: ನೇರ ದಾರಿಗೆ ಚೆನ್ನಾಗಿ ಬೀಳಬೇಕಾದರೆ ಕೊನೆಯ ಬಲವನ್ನು ಎಡ ಅಂಚಿನಿಂದ ಹೊಕ್ಕಬೇಕು. ಎಡ ಅಂಚಿನಲ್ಲಿರಬೇಕಾದರೆ ನಡುವಿನ ಎಡ ತಿರುವಿನ ಕೊನೆಯಲ್ಲಿ ಗಾಡಿಯನ್ನು ಹೊರಗೆ ಹರಿಯಲು ಬಿಡದೆ ಒಳಗೇ ಹಿಡಿದಿರಬೇಕು. ಒಳಗೇ ಹಿಡಿಯಬೇಕಾದರೆ ಅದನ್ನು ನಿಧಾನವಾಗಿ ಹೊಕ್ಕಬೇಕು. ಅದಕ್ಕೆ ಮೊದಲ ಬಲದಲ್ಲೇ ವೇಗ ಬಿಟ್ಟುಕೊಡಬೇಕು. ಕೊನೆಯಿಂದ ಮೊದಲಿಗೆ ಬಂದದ್ದನ್ನು ಗಮನಿಸಿ. ಗಾಡಿ ಇಟ್ಟುಕೊಂಡು ಕೂರುವ ಪ್ಯಾಡಕ್ಕಿನಲ್ಲಿ ನಕ್ಷೆ ಹಿಡಿದು ಕೂತಾಗ ನೇರ ದಾರಿಯಿಂದ ಬೆರಳಿಟ್ಟು ಹಿಂದಕ್ಕೆ ಎಳೆಯಿರಿ, ಯಾವ ತಿರುವನ್ನು ಬಿಟ್ಟುಕೊಡಬೇಕು ಎಂದು ತಾನಾಗಿ ಕಾಣುತ್ತದೆ.

ಹೋದಂತೆ ಬಿಗಿಯಾಗುವ ತಿರುವಿನಲ್ಲೂ ಇದೇ ಸೂತ್ರ. ಆರಂಭ ಅಗಲವಾಗಿ ಕಂಡು ಆಸೆ ಹುಟ್ಟಿಸುತ್ತದೆ. ಕಣ್ಣು ಬಿಗಿಯಾದ ತುದಿಯ ಮೇಲಿರಲಿ, ಅದಕ್ಕೆ ಬೇಕಾದ ವೇಗವನ್ನೇ ಆರಂಭದಲ್ಲೂ ಇಟ್ಟುಕೊಳ್ಳಿ.

ಬ್ರೇಕು, ಗೇರು, ರೇಸು

ವೇಗ ಹೇಗೆ ಮೋಸ ಮಾಡುತ್ತದೆ ಎನ್ನಲು ಎರಡು ಲೆಕ್ಕ ಸಾಕು. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 60 ಕಿ.ಮೀ. ವೇಗಕ್ಕೆ ಸುಮಾರು 30 ಡಿಗ್ರಿ ವಾಲಬೇಕು. 80ಕ್ಕೆ ಸುಮಾರು 45 ಡಿಗ್ರಿ. ಸ್ಪೀಡೋಮೀಟರಿನ ಕಾಂಟದಲ್ಲಿ 20 ಅಷ್ಟೇ ಏರಿದ್ದು, ಟಯರ್ ಮೇಲಿನ ಅಡ್ಡ ಹೊರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿದೆ. ಹಾಗೆಯೇ 120ರಿಂದ 60ಕ್ಕೆ ಗಟ್ಟಿಯಾಗಿ ಇಳಿಸಲು 53 ಮೀಟರ್ ಬೇಕಾದರೆ, ಅದೇ ಬ್ರೇಕಿನಲ್ಲಿ 130ರಿಂದ 60ಕ್ಕೆ ಬರಲು 65 ಮೀಟರ್ ಬೇಕು. ನೇರ ದಾರಿಯ ಕೊನೆಯಲ್ಲಿ 10 ಕಿ.ಮೀ. ಹೆಚ್ಚಾದರೆ ಬ್ರೇಕಿನ ಗುರುತು 12 ಮೀಟರ್ ಹಿಂದಕ್ಕೆ ಬರಬೇಕು. ಸಂಜೆಯ ಹೊತ್ತಿಗೆ ವೇಗ ಏರಿ ಗುರುತು ಅಲ್ಲೇ ಉಳಿದವರು ಹುಲ್ಲಿಗೆ ಹೋಗುತ್ತಾರೆ.

ಮೊದಲ ದಿನ ಬ್ರೇಕನ್ನು ನೆಟ್ಟಗಿರುವಾಗಲೇ ಮುಗಿಸಿ. ಮೊದಲಿಗೆ ಮೆಲ್ಲಗೆ, ಆಮೇಲೆ ಗಟ್ಟಿ, ಬಿಡುವಾಗ ಇನ್ನೂ ಮೆಲ್ಲಗೆ. ಬಿಡುವುದರಲ್ಲೇ ಕೈಚಳಕವಿದೆ. ತಟ್ಟನೆ ಬಿಟ್ಟರೆ ಕುಸಿದಿದ್ದ ಫೋರ್ಕು ಮೇಲೆ ಚಿಮ್ಮುತ್ತದೆ, ತಿರುಗಿಸಬೇಕಾದ ಗಳಿಗೆಯಲ್ಲೇ ಮುಂದಿನ ಟಯರ್ ಹಗುರಾಗುತ್ತದೆ. ಟಯರಿನ ಹಿಡಿತ ಒಂದೇ ಗಂಟು, ಬ್ರೇಕಿಗೂ ವಾಲುವುದಕ್ಕೂ ಅದರಲ್ಲೇ ಖರ್ಚು. ವಾಲು ಏರಿದಂತೆ ಬ್ರೇಕಿನ ಪಾಲು ಇಳಿಯಲೇಬೇಕು. ವಾಲುತ್ತಲೇ ಬ್ರೇಕನ್ನು ಸಣ್ಣಗೆ ಎಳೆದುಕೊಂಡು ಹೋಗುವ ಟ್ರೇಲ್ ಬ್ರೇಕಿಂಗನ್ನು ಕಲಿಸುವವರ ಮುಂದೆ, ಮುಂದಿನ ಭೇಟಿಯಲ್ಲಿ ಕಲಿಯಿರಿ.

ಗೇರು ಇಳಿಸುವುದೂ ನೆಟ್ಟಗಿರುವಾಗಲೇ ಮುಗಿಯಲಿ. ಕ್ಲಚ್ಚನ್ನು ಧಡಕ್ಕನೆ ಬಿಟ್ಟರೆ ಹಿಂದಿನ ಗಾಲಿ ಕುಣಿಯುತ್ತದೆ. ಯಾವ ಗೇರು ಎಂದು ಅನುಮಾನವಾದರೆ ಒಂದು ಮೇಲಿನದು ಇರಲಿ, ಗಾಡಿ ಮೆತ್ತಗೆ ವರ್ತಿಸುತ್ತದೆ.

ವಾಲಿದ ಮೇಲೆ ರೇಸನ್ನು ತುಸು ತೆರೆದು, ಅಲ್ಲಿಂದ ಮುಂದೆ ಬಿಡದೆ, ತಡೆಯದೆ, ಒಂದೇ ಸಮ ಏರಿಸುತ್ತ ಹೋಗಿ. ಗಾಡಿಯ ಭಾರ ಸ್ವಲ್ಪ ಹಿಂದಕ್ಕೆ ಸರಿದಾಗಲೇ ಎರಡೂ ಟಯರ್ ಸರಿಯಾಗಿ ಹಿಡಿಯುತ್ತವೆ. ನಡುವೆ ಹೆದರಿ ಪೂರ್ತಿ ಬಿಟ್ಟರೆ ಭಾರ ಮುಂದಕ್ಕೆ ನುಗ್ಗಿ ಗಾಡಿಯ ಸಮತೋಲ ಕೆಡುತ್ತದೆ. ನಡುವೆ ರೇಸ್ ಬಿಡಬೇಕೆನಿಸಿತೆಂದರೆ ನೀವು ಹೊಕ್ಕಿದ್ದೇ ಜೋರಾಯಿತು. ಮುಂದಿನ ಸುತ್ತಿನಲ್ಲಿ 5 ಕಿ.ಮೀ. ಕಮ್ಮಿ ಮಾಡಿ ಹೊಕ್ಕು ನೋಡಿ.

ತಿರುಗಿಸುವುದು ಹ್ಯಾಂಡಲ್‌ನಿಂದಲೇ. ಬಲಕ್ಕೆ ಹೋಗಬೇಕಾದರೆ ಬಲ ಹಿಡಿಯನ್ನು ಮುಂದಕ್ಕೆ ಒತ್ತಿ, ಗಾಡಿ ಬಲಕ್ಕೆ ವಾಲುತ್ತದೆ. ಎಡ-ಬಲ ಜೋಡಿಯಲ್ಲಿ ಈ ಒತ್ತು ಚುರುಕಾಗಿರಬೇಕು. ಒತ್ತಿದ ಮೇಲೆ ಕೈ ಸಡಿಲ ಬಿಡಿ.

ಮೈ ಎಲ್ಲಿರಬೇಕು

ಮೊಣಕಾಲು ನೆಲಕ್ಕೆ ತಾಗಿಸುವ ಹಂಬಲ ಎಲ್ಲರಿಗೂ ಇದೆ, ಫೋಟೊ ಚೆನ್ನಾಗಿ ಬರುತ್ತದೆ. ಮೊದಲ ದಿನ ಅದು ತಾಗಬೇಕಿಲ್ಲ. ಪಾದದ ಮುಂಭಾಗ ಕಾಲಿಡುವ ಪೆಗ್ಗಿನ ಮೇಲಿರಲಿ, ತಿರುವಿಗೆ ಮುಂಚೆಯೇ ಅರ್ಧ ಕುಂಡೆ ಸೀಟಿನಿಂದ ಒಳಗಡೆ ಸರಿಯಲಿ, ಹೊರಗಿನ ತೊಡೆ ಟ್ಯಾಂಕನ್ನು ಹಿಡಿಯಲಿ, ಮೊಣಕೈ ಬಾಗಿರಲಿ, ಗದ್ದ ಒಳಗಿನ ಕೈಯ ಕಡೆ ಇಳಿಯಲಿ. ಮೈ ಒಳಗೆ ಸರಿದಷ್ಟೂ ಅದೇ ವೇಗಕ್ಕೆ ಗಾಡಿ ಕಮ್ಮಿ ವಾಲುತ್ತದೆ, ಮೈ ಇಳಿಸುವುದರ ಉದ್ದೇಶ ಇಷ್ಟೇ. ಕುಂಡೆ ಪೂರ್ತಿ ಇಳಿಸಿ ತಲೆಯನ್ನು ಹೊರಗೇ ಬಿಟ್ಟರೆ ಏನೂ ಲಾಭವಿಲ್ಲ.

ಬಿಸಿಲು, ನೀರು, ಊಟ

ಧಾರವಾಡದ ಹವೆಗೆ ಒಗ್ಗಿದವರಿಗೆ ಚೆನ್ನೈ ಬಿಸಿಲು, ಅದರ ಬೆವರು ಬೇರೆಯೇ. 2023ರ ಸೆಪ್ಟೆಂಬರ್‌ನಲ್ಲಿ ಬುದ್ಧ ಸರ್ಕ್ಯೂಟ್‌ನಲ್ಲಿ ಮೋಟೊಜಿಪಿ, ಅಂದರೆ ಬೈಕುಗಳ ವಿಶ್ವ ಚಾಂಪಿಯನ್‌ಷಿಪ್ ರೇಸು, ನಡೆದಾಗ ಸೆಕೆಗೆ ಅಂಜಿ 24 ಸುತ್ತಿನ ರೇಸನ್ನು 21ಕ್ಕೆ ಇಳಿಸಿದ್ದರು. ಆದರೂ ಎರಡನೆಯವನಾಗಿ ಬಂದ ಹೋರ್ಹೆ ಮಾರ್ಟಿನ್ ಮೈಯ ನೀರು ಬತ್ತಿ ಕುಸಿದ. ಜಗತ್ತಿನ ಅತಿ ಗಟ್ಟಿ ಮೈಯವರ ಗತಿ ಅದು. ಹಿಂದಿನ ದಿನದಿಂದಲೇ ನೀರು ಕುಡಿಯುತ್ತಿರಿ, ಸೆಷನ್‌ಗಳ ನಡುವೆ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ. ಸೂಟನ್ನು ಸೊಂಟಕ್ಕಿಳಿಸಿ ನೆರಳಲ್ಲಿ ಕೂಡಿ. ಮಧ್ಯಾಹ್ನ ಬಿರಿಯಾನಿ ಹೊಡೆದರೆ ಮುಂದಿನ ಸೆಷನ್‌ನಲ್ಲಿ ಕಣ್ಣು ಜೋತುಬೀಳುತ್ತದೆ, ಮೊಸರನ್ನ ಸಾಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ ಎರಡು ದಿನಕ್ಕೂ ಆಸರೆ. ಗಮನ ಚದುರುತ್ತಿದೆ, ಗುರುತುಗಳು ತಪ್ಪುತ್ತಿವೆ ಅನ್ನಿಸಿದರೆ ಕೊನೆಯ ಸೆಷನ್ ಬಿಟ್ಟುಬಿಡಿ. ದುಡ್ಡು ಕೊಟ್ಟಿದ್ದೇನೆಂದು ಇಳಿಯಬೇಡಿ.

ಹೊರಗೆ ಹೋದರೆ, ಬಿದ್ದರೆ

ಡಾಂಬರು ಬಿಟ್ಟು ಹುಲ್ಲಿಗೆ ಹೋಗುವುದು ಖಚಿತ ಎನಿಸಿದರೆ ಗಾಡಿಯನ್ನು ನೆಟ್ಟಗೆ ಮಾಡಿ, ನೇರ ಹೋಗಲು ಬಿಡಿ, ಮುಂದಿನ ಬ್ರೇಕ್ ಮುಟ್ಟಬೇಡಿ. ವೇಗ ತಾನಾಗಿ ಇಳಿಯುತ್ತದೆ. ಕೂಡಲೇ ಟ್ರ್ಯಾಕಿಗೆ ತಿರುಗಿಸಬೇಡಿ, ನಿಂತು, ಮಾರ್ಷಲ್ ಸನ್ನೆ ಮಾಡಿದ ಮೇಲೆ ಮೆಲ್ಲಗೆ ಬನ್ನಿ.

ಬಿದ್ದರೆ ಗಾಡಿಯನ್ನು ಬಿಟ್ಟುಬಿಡಿ. ಹ್ಯಾಂಡಲ್ ಹಿಡಿದುಕೊಂಡವರ ಮಣಿಕಟ್ಟು ಮುರಿಯುತ್ತದೆ. ಜಾರುವುದು ನಿಂತಿತೆನಿಸಿದ ಮೇಲೂ ಒಂದೆರಡು ಉಸಿರಿನಷ್ಟು ಹೊತ್ತು ಕಾದು ಏಳಿ. ಓಡುತ್ತಿರುವ ರೈಲಿನಿಂದ ಇಳಿದಂತೆ ಎದ್ದು ನಿಲ್ಲಲು ಹೋದರೆ ಮತ್ತೆ ಉರುಳುತ್ತೀರಿ. ಎದ್ದ ಕೂಡಲೇ ಬರುವ ಗಾಡಿಗಳ ಕಡೆ ನೋಡಿ, ಹತ್ತಿರದ ತಡೆಗೋಡೆಯ ಹಿಂದೆ ಹೋಗಿ. ಗಾಡಿ ಎತ್ತುವುದು ಮಾರ್ಷಲ್‌ಗಳ ಕೆಲಸ. ತಲೆಗೆ ಪೆಟ್ಟು ಬಿದ್ದ ಅನುಮಾನ ಇದ್ದರೆ ಆ ದಿನ ಮತ್ತೆ ಹತ್ತಬೇಡಿ, ವೈದ್ಯರಿಗೆ ತೋರಿಸಿ, ಹೆಲ್ಮೆಟ್ ಬದಲಿಸಿ.

ಗಾಡಿ ಕೆಟ್ಟು ನಿಧಾನವಾದರೆ ಎಡಗೈ ಎತ್ತಿ, ಹಿಂದಿನವರಿಗೆ ಕಾಣುವಂತೆ, ನಿಮ್ಮ ಅಂಚು ಬಿಡದೆ ಪಿಟ್ಟಿಗೆ ಬನ್ನಿ.

ಊರಿಗೆ ಮರಳುವ ಮುನ್ನ

ಡಬ್ಬಿಯಲ್ಲಿಟ್ಟ ನಟ್ಟು-ಬೋಲ್ಟು ತೆಗೆದು ಕನ್ನಡಿ, ನಂಬರ್ ಪ್ಲೇಟು, ಸೀರೆ ಗಾರ್ಡು ಹಾಕಿ. ದೀಪಗಳ ಟೇಪು ಬಿಸಿಲಿಗೆ ಅಂಟು ಕರಗುವ ಮೊದಲೇ ಕಿತ್ತರೆ ಸುಲಭ. ಟಯರ್ ತಣಿದ ಮೇಲೆ ರಸ್ತೆಯ ಅಳತೆಗೆ ಗಾಳಿ ತುಂಬಿ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿ, ಚೈನಿಗೆ ಎಣ್ಣೆ ಬಿಡಿ. ಹುಬ್ಬಳ್ಳಿಗೆ ಬಂದ ವಾರದಲ್ಲೇ ರೇಡಿಯೇಟರ್ ನೀರು ತೆಗೆದು ಕೂಲಂಟ್ ತುಂಬಿಸಿ, ಬರೀ ನೀರು ಬಹಳ ದಿನ ಉಳಿದರೆ ಒಳಗೆ ತುಕ್ಕು ಹಿಡಿಯುತ್ತದೆ. ನಕ್ಷೆ ಬರೆದ ಹಾಳೆಗಳನ್ನು ಎಸೆಯಬೇಡಿ. ಅದೇ ಟ್ರ್ಯಾಕಿಗೆ ಮುಂದಿನ ಸಲ ಹೋದಾಗ ಮೊದಲ ಸೆಷನ್ನಿನ ಅರ್ಧ ಕೆಲಸ ಅವುಗಳಲ್ಲೇ ಆಗಿರುತ್ತದೆ.